ಊರೇ ಒಂದು ಮೈಯಾದ ದಿನ

ಹೊಸದಂಡೆ
ಬಿಡುವು ತಿಂಗಳ ಒಂಬತ್ತನೆಯ ದಿನ, ಎರಡು ಸಾವಿರದ ನಾನೂರ ಹದಿನೇಳು

ಹಿಂದಿನವರಿಗೆ, ದಾನವ್ವ ಮೇದೋಜೀರಕದ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಕಾಗದ ಬರೆದವಳ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟು ದಿನ. ಹದಿಮೂರನೆಯದೇ ಬಿಡುವು. ಇಷ್ಟೆಲ್ಲ ಕೂಡಿದ ಮೇಲೂ ಒಂದು ದಿನ ಮಿಕ್ಕುತ್ತದೆ. ಅದನ್ನು ಯಾವ ತಿಂಗಳಿಗೂ ಸೇರಿಸದೆ ಹಾಗೇ ಬಿಟ್ಟಿದ್ದೇವೆ. ಅಂದು ಊರಿಗೆ ಊರೇ ಮಲಗಿರುತ್ತದೆ. ನನ್ನ ಮಾತಿನ ವಿಚಿತ್ರಕ್ಕೂ ಕ್ಷಮೆ ಇರಲಿ. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಓದುಮನೆಯ ಹಳೆಯ ಪುಸ್ತಕಗಳಿಂದ, ಕಣ್ಣಿಗೆ ಭೂತಗನ್ನಡಿ ಹಿಡಿದು ಕಲಿತವಳು. ಬಾಯಿಂದ ಆಡುವುದು ಬೇರೆ. ನೀವು ಅದನ್ನು ಧಾರವಾಡ ಕಡೆಯ ಮಾತು ಎನ್ನುತ್ತಿದ್ದಿರಂತೆ. ಈಗ ನಮ್ಮ ಸೀಮೆಗೆಲ್ಲ ಅದೇ ಮಾತು. ಇದನ್ನು ಓದಿ ನಿಮ್ಮಲ್ಲಿ ಕೆಲವರಿಗೆ ಬಹಳ ಸಂತೋಷವಾಗುತ್ತದೆ ಎಂದು ನನಗೆ ಗೊತ್ತು.

ಈ ಕಾಗದವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಾಲದ ಹಿಮ್ಮುಖಕ್ಕೆ ಹೋಗುವ ಟಪಾಲು. ಅದು ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ, ನಮ್ಮ ಟಪಾಲಿನವನಿಗೂ ಗೊತ್ತಿಲ್ಲ. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಕಾಗದ ಕಳಿಸಲು ಅವಕಾಶ. ಅದರ ಮೇಲೆ ಯಾವ ಕಾಲಕ್ಕೆ ಎಂದು ಬರೆಯಬಹುದೇ ಹೊರತು ಯಾರಿಗೆ ಎಂದು ಬರೆಯುವಂತಿಲ್ಲ. ನನಗೀಗ ಅರವತ್ತಾರು. ಇಷ್ಟು ವರ್ಷ ಬರೆಯುವಂಥದ್ದು ಏನೂ ಇಲ್ಲವೆಂದು ಕೂತಿದ್ದೆ. ಒಂಬತ್ತು ದಿನಗಳ ಹಿಂದೆ ಅಂಥದ್ದೊಂದು ನಡೆಯಿತು. ಅಂದಿನಿಂದ ಯಾರಿಗಾದರೂ ಹೇಳದೆ ಹೊಟ್ಟೆ ಉಬ್ಬರಿಸುತ್ತಿದೆ, ಊರಿನವರೋ ಎಲ್ಲರೂ ಅಲ್ಲೇ ಇದ್ದವರು.

ಮೊದಲು ನನ್ನ ಅಡ್ಡಹೆಸರಿನ ವಿಷಯ. ಮೇದೋಜೀರಕ ನಿಮ್ಮ ಹೊಟ್ಟೆಯ ಹಿಂದೆ ಅಡ್ಡಲಾಗಿ ಮಲಗಿರುವ, ಗೇಣುದ್ದದ ಗ್ರಂಥಿ. ನಿಮ್ಮಲ್ಲಿ ಊರಿನಿಂದ, ಕಸುಬಿನಿಂದ ಅಡ್ಡಹೆಸರು ಬರುತ್ತಿದ್ದವಂತೆ; ನಮ್ಮಲ್ಲಿ ಅಂಗಗಳಿಂದ ಬರುತ್ತವೆ. ಪಿತ್ತಕೋಶದವರ ಹುಡುಗನಿಗೂ ಸಣ್ಣಕರುಳಿನವರ ಹುಡುಗಿಗೂ ಲಗ್ನ ಎಂದು ಕರೆಯೋಲೆ ಬಂದರೆ ಇಲ್ಲಿ ಯಾರೂ ನಗುವುದಿಲ್ಲ, ಹೋಗಿ ಉಂಡು ಬರುತ್ತಾರೆ. ಇದರ ಹಿಂದೆ ಒಂದು ಕಥೆಯಿದೆ. ನಿಮ್ಮ ನಂತರದ ಕೆಲವು ತಲೆಮಾರಿನವರು ಕಿವಿಯ ಹಿಂದೆ, ಚರ್ಮದ ಕೆಳಗೆ, ಜೋಳದ ಕಾಳಿನಷ್ಟು ದೊಡ್ಡ ಕಾವಲುಮಣಿಯನ್ನು ಹಾಕಿಸಿಕೊಂಡು ಬದುಕಿದರು. ರಕ್ತದ ಸಕ್ಕರೆ, ಮೈಯ ನೀರು, ಕಾವು, ನಿದ್ದೆ ಎಲ್ಲವನ್ನೂ ಆ ಮಣಿಯೇ ಅಳೆದು, ಅದೇ ಸರಿಪಡಿಸುತ್ತಿತ್ತು. ಅದು ಉಣ್ಣು ಎಂದರೆ ಉಣ್ಣುವುದು, ಮಲಗು ಎಂದರೆ ಮಲಗುವುದು. ಒಂದು ಬೇಸಿಗೆಯಲ್ಲಿ ಮಣಿಗಳೆಲ್ಲ ಒಟ್ಟಿಗೆ ಸುಮ್ಮನಾದವು. ನನ್ನ ಮುತ್ತಜ್ಜಿ ಆಗ ಹುಡುಗಿ. ಗಂಟಲು ಒಣಗಿದ ಜನ ಬೀದಿಗೆ ಬಂದು ಇದು ಯಾವ ರೋಗವೆಂದು ಒಬ್ಬರನ್ನೊಬ್ಬರು ಕೇಳಿದರಂತೆ. ಮುತ್ತಜ್ಜಿಯ ಅಣ್ಣ ಜೀವನದಲ್ಲಿ ಮೊದಲ ಸಲ ಜೋರಾಗಿ ಓಡಿ ಬಂದು, ಎದೆಯೊಳಗೆ ಯಾರೋ ಬಾಗಿಲು ಬಡಿಯುತ್ತಿದ್ದಾರೆಂದು ಅತ್ತನಂತೆ. ಮುತ್ತಜ್ಜಿ ಇದನ್ನು ಹೇಳುವಾಗಲೆಲ್ಲ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳೆಂದು ನನ್ನ ಅಪ್ಪ ಹೇಳುತ್ತಿದ್ದ.

ಅದಾದ ಮೇಲೆ ಒಂದು ಕಾನೂನು ಬಂತು. ಊರಿನ ಜನಕ್ಕೆ ತಮ್ಮ ಮೈ ಗೊತ್ತಿದೆ ಎಂದು ತೋರಿಸಿದ ಊರಿಗೆ ಮಾತ್ರ ಸ್ವಂತ ಮೈಮನೆ. ನೀವು ಆಸ್ಪತ್ರೆ ಎನ್ನುವುದನ್ನೇ ನಾವು ಮೈಮನೆ ಎನ್ನುವುದು. ತೋರಿಸುವ ಬಗೆ ಮೈಯಾಟ. ಹನ್ನೆರಡು ವರ್ಷಕ್ಕೊಮ್ಮೆ, ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ, ಊರೇ ಒಂದು ಮೈಯಾಗಿ ಬದುಕಿ ತೋರಿಸಬೇಕು. ಮನೆಗಳು ಜೀವಕೋಶಗಳು, ಓಣಿಗಳು ರಕ್ತನಾಳಗಳು. ಊರ ನಡುವಿನ ನಾಲ್ಕು ಅಂಕಣದ ಕಟ್ಟೆ ಹೃದಯ. ಕೆಂಪು ಅಂಗಿ ತೊಟ್ಟ ಓಟಗಾರರು ಪುಪ್ಪುಸದ, ಅಂದರೆ ಶ್ವಾಸಕೋಶದ, ಮನೆಯಿಂದ ಕೆಂಪು ಚೆಂಡು, ಹೊಟ್ಟೆಯ ಮನೆಯಿಂದ ಬೆಲ್ಲದ ಉಂಡೆ ಹೊತ್ತು ಓಣಿ ಓಣಿ ತಿರುಗುತ್ತಾರೆ. ಚೆಂಡು ಪ್ರಾಣವಾಯು, ಬೆಲ್ಲ ಸಕ್ಕರೆ. ಬಿಳಿಯ ರಕ್ತಕಣಗಳಾಗಿ ನಾವು ಊರಿನ ಅಜ್ಜಿಯರನ್ನೇ ನೇಮಿಸಿದ್ದೇವೆ. ಹೊಸ ಮುಖ ಕಂಡರೆ ಸಾಕು, ನೀನು ಯಾರ ಪೈಕಿ, ಯಾವೂರು, ಇಲ್ಲೇನು ಕೆಲಸ ಎಂದು ಸುತ್ತುಗಟ್ಟಿ ಕೇಳಿ, ಸರಿಯಾದ ಉತ್ತರ ಬಾರದಿದ್ದರೆ ಹೊರಗೆ ಅಟ್ಟುತ್ತಾರೆ. ಅವರಿಗೆ ತರಬೇತಿಯೇ ಬೇಕಾಗಲಿಲ್ಲ.

ಪರೀಕ್ಷಕರು ಹೊರಊರಿನಿಂದ ಬರುತ್ತಾರೆ. ಅವರು ಒಂದಾದ ಮೇಲೊಂದು ಪೆಟ್ಟು ಕೊಡುತ್ತಾರೆ; ಮೈ ಅದನ್ನು ತಾಳಿಕೊಂಡು ಮತ್ತೆ ತನ್ನ ಹದಕ್ಕೆ ಬರಬೇಕು. ನೀವು ಸಮಸ್ಥಿತಿ ಎಂದು ಬರೆದದ್ದನ್ನು ನಾವು ಹದಗಾವಲು ಎನ್ನುತ್ತೇವೆ. ಹದ ಎಂದರೆ ಅಲುಗಾಡದೆ ನಿಲ್ಲುವುದಲ್ಲ. ಓಣಿಗಳಲ್ಲಿ ಓಡಾಡುವ ಬೆಲ್ಲದ ಉಂಡೆ ಎಪ್ಪತ್ತಕ್ಕಿಂತ ಕೆಳಗಿಳಿಯಬಾರದು, ನೂರನಲವತ್ತು ದಾಟಬಾರದು, ನಡುವೆ ಎಷ್ಟು ಬೇಕಾದರೂ ಏರಲಿ, ಇಳಿಯಲಿ. ಬಡಿತಕ್ಕೆ, ನೀರಿಗೆ, ಕಾವಿಗೆ ಹೀಗೇ ಒಂದೊಂದು ಮೇಲು, ಒಂದೊಂದು ಕೆಳಗು. ಇಲ್ಲಿ ಮೂರು ಕಟ್ಟುನಿಟ್ಟು. ಯಾರೂ ನಿಂತು ಅಪ್ಪಣೆ ಕೊಡುವಂತಿಲ್ಲ. ಪ್ರತಿಯೊಬ್ಬರೂ ತಮ್ಮ ಮುಂದೆ ಹಾಯುವುದನ್ನು ನೋಡಿ ತಮ್ಮ ಕೆಲಸ ಮಾಡಬೇಕು. ಎದ್ದು ಹೋದವರ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸುವಂತಿಲ್ಲ. ಮೈಯಲ್ಲಿ ಬದಲಿಯಾಳು ಸಿಗುವುದಿಲ್ಲ. ಓದುಮನೆಯೇ ಮಿದುಳು, ಅದು ಬೆಲ್ಲವಿಲ್ಲದೆ ಹತ್ತು ನಿಮಿಷ ಬಿದ್ದರೆ ಊರು ಸತ್ತಂತೆ. ಸತ್ತ ಊರಿನ ಮೈಮನೆಗೆ ಹನ್ನೆರಡು ವರ್ಷ ಬೀಗ.

ನಮ್ಮ ಮನೆಯ ಕೆಲಸ ಕೀಲಿಕೈ ಕೊಡುವುದು. ನಿಮ್ಮಲ್ಲಿ ಇನ್ಸುಲಿನ್ ಎನ್ನುತ್ತಿದ್ದಿರಿ. ಬೆಲ್ಲ ಬೀದಿಯಲ್ಲಿ ಎಷ್ಟೇ ಹರಿದಾಡಲಿ, ಕೀಲಿಕೈ ಇಲ್ಲದೆ ಸ್ನಾಯುಗಳ ಮನೆಬಾಗಿಲು ತೆರೆಯುವುದಿಲ್ಲ, ಬೆಲ್ಲ ಒಳಗೆ ಹೋಗುವುದಿಲ್ಲ. ಓದುಮನೆಗೆ ಮಾತ್ರ ಬೀಗವೇ ಇಲ್ಲ, ಕೀಲಿಕೈಯ ಗೊಡವೆಯೂ ಇಲ್ಲ. ಬೆಲ್ಲ ಹೆಚ್ಚಾದಾಗ ಕೀಲಿಕೈ ಕೊಡಬೇಕು, ಇಳಿದಾಗ ನಿಲ್ಲಿಸಬೇಕು. ಕೇಳಲು ಎಷ್ಟು ಸುಲಭ! ಹನ್ನೆರಡು ವರ್ಷಗಳ ಹಿಂದೆ ಆ ಜಾಗದಲ್ಲಿ ಕೂತಿದ್ದವನು ನನ್ನ ಅಪ್ಪ ಚನ್ನವೀರಪ್ಪ. ಅವನ ಮನೆಗೆ ಬಂದವರು ಮೂರನೆಯ ಸಲ ಬಡಿಸಿಕೊಳ್ಳದೆ ಎದ್ದ ಉದಾಹರಣೆಯೇ ಇಲ್ಲ. ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ತುಪ್ಪ ಸುರಿಯುವ ಮನುಷ್ಯ. ಅಂದು ಬೆಲ್ಲ ಇಳಿದಿದ್ದು ಅವನಿಗೆ ಕಾಣಲಿಲ್ಲವೆಂದಲ್ಲ. ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸುವುದು ಅವನ ಕೈಯಿಂದ ಆಗಲಿಲ್ಲ. ಕೀಲಿಕೈ ಕೊಟ್ಟ, ಇನ್ನೊಂದು ಕೊಟ್ಟ, ಮತ್ತೊಂದು ಕೊಟ್ಟ. ಇದ್ದಬದ್ದ ಬೆಲ್ಲವೆಲ್ಲ ಮನೆಗಳೊಳಗೆ ಹೋಗಿ ಬೀದಿ ಬರಿದಾಯಿತು. ಓದುಮನೆಯವರು ನಿಯಮದಂತೆ ಒಬ್ಬೊಬ್ಬರಾಗಿ ತಲೆ ಬಾಗಿಸಿ ಮಲಗಿದರು. ಮಧ್ಯಾಹ್ನ ಎರಡು ಗಂಟೆಗೆ ಊರು ಸತ್ತಿತು.

ಯಾರೂ ಅವನನ್ನು ಬೈಯಲಿಲ್ಲ, ಅದೇ ಅವನಿಗೆ ಹೆಚ್ಚು ನೋವು ಕೊಟ್ಟಿತು. ಅಲ್ಲಿಂದ ಸಾಯುವವರೆಗೆ ಅಪ್ಪ ಯಾರ ಮನೆಯ ಪಂಕ್ತಿಯಲ್ಲೂ ಬಡಿಸಲು ನಿಲ್ಲಲಿಲ್ಲ. ಮೈಮನೆಗೆ ಬೀಗ ಬಿದ್ದ ಮೇಲೆ ಹೊಸದಂಡೆಯ ಬಸುರಿಯರೆಲ್ಲ ದಿನ ತುಂಬುವ ಮೊದಲೇ ದೋಣಿ ಹತ್ತಿ, ಒಂದು ಹಗಲಿನ ದಾರಿಯಾಚೆಯ ಪರಊರಿಗೆ ಹೋಗಿ ಹಡೆದರು. ಹನ್ನೆರಡು ವರ್ಷ ನಮ್ಮೂರಿನಲ್ಲಿ ಹಸುಗೂಸಿನ ಮೊದಲ ಅಳು ಕೇಳಲಿಲ್ಲ. ಈ ವರ್ಷ ನನ್ನ ಮಗಳು ಕಸ್ತೂರಿ ಚೊಚ್ಚಲ ಬಸುರಿ. ಮೈಯಾಟ ಮುಗಿದು ಒಂಬತ್ತು ದಿನಕ್ಕೆ, ಅಂದರೆ ಇವತ್ತಿಗೆ, ದಿನ ತುಂಬುವುದೆಂದು ಸೂಲಗಿತ್ತಿ ಹುಸೇನಬಿ ಲೆಕ್ಕ ಹೇಳಿದ್ದಳು. ಊರು ಬದುಕಿದರೆ ನನ್ನ ಮೊಮ್ಮಗು ಇಲ್ಲೇ ಹುಟ್ಟುತ್ತದೆ, ಸತ್ತರೆ ಕಸ್ತೂರಿ ದೋಣಿ ಹತ್ತುತ್ತಾಳೆ. ಕೀಲಿಕೈಯ ಪೆಟ್ಟಿಗೆ ಈಗ ನನ್ನ ತೊಡೆಯ ಮೇಲೆ. ನನಗೆ ವಾರದಿಂದ ನಿದ್ದೆ ಇರಲಿಲ್ಲ.

ಬೆಳಗ್ಗೆ ಪರೀಕ್ಷಕಿ ಜೆಸಿಂತಾ ಬಾಯಿ ಬಂದಿಳಿದರು. ಕರಾವಳಿಯವರು, ಕಡ್ಡಿಯಂತೆ ತೆಳ್ಳಗೆ, ಕೈಯಲ್ಲೊಂದು ದಪ್ಪ ಪುಸ್ತಕ. ಸೂರ್ಯ ಹುಟ್ಟುತ್ತಲೇ ಹುಸೇನಬಿ ಹೃದಯದ ಕಟ್ಟೆಯ ಮೇಲಿನ ಮೂಲೆಯಲ್ಲಿ ಕೂತು ಹಲಗೆ ಬಾರಿಸಲು ಶುರುಮಾಡಿದಳು, ನಿಮಿಷಕ್ಕೆ ಎಪ್ಪತ್ತೆರಡು. ಹೃದಯದ ಲಯ ಹುಟ್ಟುವ ಗಂಟು ಆಕೆ. ಆಕೆಯ ಪೆಟ್ಟನ್ನು ಕೇಳಿ, ರೆಪ್ಪೆ ಬಡಿಯುವಷ್ಟು ತಡೆದು, ಕೆಳಗಿನ ಅಂಕಣಗಳಿಗೆ ದಾಟಿಸುವ ನಡುಗಂಟು ತವನಪ್ಪಜ್ಜ. ಮೇಲಿನ ಅಂಕಣ ಖಾಲಿಯಾಗಲು ಅಷ್ಟು ಹೊತ್ತು ಬೇಕು. ತಡ ಮಾಡುವುದೇ ಕೆಲಸವಾದ್ದರಿಂದ ಊರಿನವರು ಹುಡುಕಿ ಹುಡುಕಿ ಅವನನ್ನು ಆರಿಸಿದ್ದರು. ತನ್ನ ಲಗ್ನಕ್ಕೇ ಅವನು ಮುಹೂರ್ತ ಮೀರಿ ಬಂದವನು.

ಮೊದಲ ಪೆಟ್ಟು ಬಿಸಿಲು. ಜೆಸಿಂತಾ ಬಾಯಿ ಹಳದಿ ಬಾವುಟ ಏರಿಸಿದರು. ಊರ ಅಂಚಿನ ಚರ್ಮದ ಮನೆಯವರು ತಟ್ಟನೆ ಅಂಗಳಕ್ಕೆ ನೀರು ಚೆಲ್ಲಿ ಬೆವರಿದರು. ಅಂಚಿನ ಓಣಿಗಳವರು ಹಿಂದೆ ಸರಿದು ದಾರಿ ಅಗಲ ಮಾಡಿದರು, ಓಟಗಾರರು ಕಾವನ್ನು ಹೊರಕ್ಕೆ ತಂದು ಚೆಲ್ಲಿದರು. ಎರಡನೆಯದು ಉಪ್ಪು. ಒಂದು ಚೀಲ ಉಪ್ಪನ್ನು ಹೊಟ್ಟೆಯ ಮನೆಗೆ ಸುರಿದಾಗ ಮೂತ್ರಪಿಂಡದ ಎರಡೂ ಮನೆಯವರು ಸೋಸಿ ಸೋಸಿ, ನೀರು ಉಳಿಸಿಕೊಂಡು, ಉಪ್ಪನ್ನು ಕಾಲುವೆಗೆ ಬಿಟ್ಟರು. ಮೂರನೆಯದು ಗಾಯ. ಕಿರುಬೆರಳಿನ ಓಣಿಯ ಬೇಲಿ ಮುರಿದು ಪರಊರಿನ ನಾಲ್ವರನ್ನು ಒಳಗೆ ಬಿಟ್ಟರು. ಹೆಪ್ಪುಕಣದ ಹೆಂಗಸರು ಕೈಗೆ ಕೈ ಹೆಣೆದು ಬಿರುಕಿನಲ್ಲಿ ಕೂತುಬಿಟ್ಟರು. ಅಜ್ಜಿಯರು ಆ ನಾಲ್ವರನ್ನು ಹಿಡಿದು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆಯಲಾರೆ. ಒಬ್ಬನಂತೂ ತನ್ನ ಸೋದರಮಾವನ ಹೆಸರೇ ಮರೆತು ಬೇಲಿ ಹಾರಿ ಓಡಿದ. ನಾಲ್ಕನೆಯದು ಹೆದರಿಕೆ. ಯಾರೋ ಹುಲಿ ಎಂದು ಕೂಗಿದರು. ಮೂತ್ರಪಿಂಡದ ಮಾಳಿಗೆಯ ಮೇಲೆ ಕೂತಿದ್ದ ಪುಟ್ಟ ಗ್ರಂಥಿಯವರು ತಟ್ಟೆ ಬಡಿದರು, ಹುಸೇನಬಿಯ ಹಲಗೆ ನೂರಮೂವತ್ತಕ್ಕೆ ಏರಿತು, ಓಟಗಾರರು ಬಿದ್ದೆದ್ದು ಓಡಿದರು. ಹುಲಿ ಇಲ್ಲವೆಂದು ತಿಳಿದ ಮೇಲೆ ಎಲ್ಲವೂ ತಾನಾಗಿ ಇಳಿದು ಎಪ್ಪತ್ತೆರಡಕ್ಕೆ ಬಂದು ನಿಂತಿತು. ಮಧ್ಯಾಹ್ನದ ಹೋಳಿಗೆಯೂಟದ ನಂತರ ಬೆಲ್ಲ ನೂರಮೂವತ್ತೆಂಟರವರೆಗೆ ಏರಿತು. ನಾನು ಕೀಲಿಕೈ ಕೊಟ್ಟೆ, ಅದು ಇಳಿಯಿತು. ಇನ್ನೇನು ಎರಡೂವರೆ ಗಂಟೆ ಕಳೆದರೆ ಆಯಿತು.

ಕಸ್ತೂರಿ ನನ್ನ ಪಕ್ಕದಲ್ಲೇ ಕೂತು ಕೀಲಿಕೈ ಎಣಿಸಿ ಕೊಡುತ್ತಿದ್ದಳು. ಅವಳ ಮೇಲ್ತುಟಿಯ ಮೇಲೆ ಬೆವರು ಕಂಡು ಕೇಳಿದೆ.

“ಯಾಕ, ಹಿಂಗ್ಯಾಕ ಬೆವತಿ?”

“ಏನಿಲ್ಲಬೇ. ಹೋಳಿಗಿ ಒಂದೀಟು ಹೆಚ್ಚಾತು.”

ನಾನು ನಂಬಿದೆ. ಇಡೀ ಊರಿನ ಮೈಯನ್ನು ಬೆರಳ ತುದಿಯಲ್ಲಿ ಹಿಡಿದವಳಿಗೆ ಪಕ್ಕದಲ್ಲಿ ಕೂತ ಮಗಳ ಮೈ ತಿಳಿಯಲಿಲ್ಲ. ಅವಳಿಗೆ ನಸುಕಿನಿಂದಲೇ ನೋವು ಬರುತ್ತಿತ್ತು. ಬಾಯಿ ಬಿಟ್ಟರೆ ಹುಸೇನಬಿ ಹಲಗೆ ಬಿಟ್ಟು ಏಳುತ್ತಾಳೆ, ಹೃದಯ ನಿಲ್ಲುತ್ತದೆ, ಊರು ಸಾಯುತ್ತದೆ ಎಂದು ತುಟಿ ಕಚ್ಚಿ ಕೂತಿದ್ದಳು. ನಾಲ್ಕೂಕಾಲು ಗಂಟೆಗೆ ಕೀಲಿಕೈಗಳು ಅವಳ ಕೈಯಿಂದ ಜಾರಿ ನೆಲದ ಮೇಲೆ ಚೆಲ್ಲಿದವು. ನೀರೊಡೆದಿತ್ತು.

ಅಳಿಯ ಭರಮು ಜಗಲಿಯ ಮೇಲೆ ಶೇಂಗಾ ತಿನ್ನುತ್ತ ಕೂತಿದ್ದ. ಅವರದು ಅಪೆಂಡಿಕ್ಸ್‌ನವರ ಮನೆ. ಮೈಯಾಟದಲ್ಲಿ ಅವರಿಗೆ ಕೆಲಸವೇ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಕೂತಿದ್ದು ಉಂಡು ಏಳುವುದು ಅವರ ಪಾಲು, ಅದಕ್ಕೇ ಊರೆಲ್ಲ ಅವರನ್ನು ಚುಡಾಯಿಸುತ್ತದೆ. ಇಡೀ ಮೈಯಲ್ಲಿ ಹುಡುಕಿದರೂ ನನ್ನ ಮಗಳಿಗೆ ಬೇರೆ ಗಂಡು ಸಿಗಲಿಲ್ಲವೇ ಎಂದು ಲಗ್ನದಲ್ಲಿ ನಾನೂ ಮುಖ ಊದಿಸಿಕೊಂಡಿದ್ದೆ. ಮೈಯಾಟದ ಆ ಗಳಿಗೆಯಲ್ಲಿ ನಾನು ಏಳುವಂತಿರಲಿಲ್ಲ, ನನ್ನ ಎದುರಿನ ಯಾರೂ ಏಳುವಂತಿರಲಿಲ್ಲ. ಹತ್ತಿರದಲ್ಲಿ ಕೈ ಖಾಲಿ ಇದ್ದವನು ಅವನೊಬ್ಬನೇ. ಶೇಂಗಾದ ಸಿಪ್ಪೆ ಹಾರಿಸಿಕೊಂಡು ಅವನು ಓಡಿದ ಓಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಹುಸೇನಬಿ ಒಂದು ಕ್ಷಣವೂ ಯೋಚಿಸಲಿಲ್ಲವಂತೆ. ಹಲಗೆಯನ್ನು ಕಟ್ಟೆಯ ಮೇಲಿಟ್ಟು, “ಆಟದ ಮೈ ಆಮ್ಯಾಲ ನೋಡೂಣು, ಖರೇ ಮೈ ಕರಿಯಾಕತ್ತೈತಿ” ಎಂದು ಎದ್ದೇಬಿಟ್ಟಳು. ನಮ್ಮ ಮನೆಯವರೆಗೆ ಆ ಮೌನ ಕೇಳಿಸಿತು. ಬೆಳಗಿನಿಂದ ಬಡಿಯುತ್ತಿದ್ದ ಎದೆ ನಿಂತಿತು. ಓಟಗಾರರು ಎತ್ತಿದ ಕಾಲು ಎತ್ತಿದಂತೆ ನಿಂತರು. ಹನ್ನೆರಡು ವರ್ಷಗಳ ಹಿಂದಿನದೇ ಮತ್ತೆ, ಅದೂ ನಮ್ಮ ಮನೆಯಿಂದಲೇ, ಎಂದುಕೊಂಡೆ.

ಆಗ ಒಂದು ಪೆಟ್ಟು ಬಿತ್ತು. ತಡೆದು, ಇನ್ನೊಂದು. ತವನಪ್ಪಜ್ಜ ಮೇಲಿನಿಂದ ಪೆಟ್ಟು ಬಾರದ್ದನ್ನು ಕಂಡು ತನ್ನ ಜಾಗದಲ್ಲೇ ಕೂತು, ತನ್ನದೇ ಹಲಗೆಯನ್ನು ತನ್ನದೇ ಲಯದಲ್ಲಿ ಬಾರಿಸತೊಡಗಿದ್ದ. ನಿಮಿಷಕ್ಕೆ ನಲವತ್ತೈದು. ಅದಕ್ಕಿಂತ ಜೋರಾಗಿ ಅವನಿಂದ ಯಾವತ್ತೂ ಯಾವ ಕೆಲಸವೂ ಆಗಿಲ್ಲ. ನಿಮ್ಮ ಎದೆಯಲ್ಲೂ ಅಂಥದ್ದೊಂದು ಗಂಟು ಇದೆ. ಮೇಲಿನದು ಸುಮ್ಮನಾದರೆ ಅದು ಯಾರನ್ನೂ ಕೇಳದೆ ನಿಧಾನವಾಗಿ ಬಡಿಯಲು ತೊಡಗುತ್ತದೆ. ಪುಸ್ತಕದಲ್ಲಿ ಓದಿದ್ದೆವು, ಆದರೆ ಒಬ್ಬರಿಗೂ ಅದು ನೆನಪಿರಲಿಲ್ಲ. ಅವನಿಗೂ ನೆನಪಿರಲಿಲ್ಲ, ಸುಮ್ಮನೆ ಕೂರಲು ಬೇಸರವಾಯಿತು ಎಂದು ಆಮೇಲೆ ಹೇಳಿದ.

ಬಡಿತ ಇಳಿದಾಗ ರಕ್ತದ ಒತ್ತಡ ಇಳಿಯಿತು, ಓಟಗಾರರು ಸಂತೆಗೆ ಹೊರಟವರ ಹಾಗೆ ಅಡ್ಡಾಡತೊಡಗಿದರು. ಆಮೇಲೆ ಆದದ್ದನ್ನು ಬರೆಯಲಿಕ್ಕೇ ನಾನು ಈ ಕಾಗದ ಹಿಡಿದದ್ದು. ಯಾರೂ ಅಪ್ಪಣೆ ಕೊಡಲಿಲ್ಲ. ಓಣಿಯವರು ತಮ್ಮ ಮುಂದೆ ಓಟ ಸಡಿಲವಾದದ್ದು ಕಂಡು ಎರಡೂ ಕಡೆಯಿಂದ ಒಂದೊಂದು ಹೆಜ್ಜೆ ಮುಂದೆ ಬಂದು ದಾರಿಯನ್ನು ಕಿರಿದು ಮಾಡಿದರು, ನೂಕು ಹೆಚ್ಚಾಯಿತು. ಮೂತ್ರಪಿಂಡದವರು ಕಾಲುವೆಯ ತೂಬು ಇಳಿಸಿ ನೀರು ಹಿಡಿದಿಟ್ಟರು. ಪುಪ್ಪುಸದವರು ಒಬ್ಬೊಬ್ಬ ಓಟಗಾರನಿಗೂ ತಪ್ಪದೆ ಚೆಂಡು ಮುಟ್ಟಿಸಿದರು. ತಮ್ಮ ಅಂಗಳದಾಚೆ ಏನಾಗಿದೆಯೆಂದು ಅವರಿಗೆ ಗೊತ್ತಿರಲಿಲ್ಲ, ತಮ್ಮ ಅಂಗಳದಲ್ಲಿ ಏನಾಗಬೇಕು ಎಂಬುದು ಗೊತ್ತಿತ್ತು. ನನ್ನ ಪಾಲಿನದು ಬೆಲ್ಲ. ಅದು ನಿಧಾನಕ್ಕೆ ಇಳಿಯುತ್ತಿತ್ತು: ತೊಂಬತ್ತು, ಎಂಬತ್ತೆರಡು, ಎಪ್ಪತ್ತಾರು.

ಅಷ್ಟರಲ್ಲಿ ಭರಮು ಮತ್ತು ಹುಸೇನಬಿ ಕಸ್ತೂರಿಯನ್ನು ನಮ್ಮ ಹಿಂದಿನ ಕೋಣೆಗೆ ಕರೆದೊಯ್ದಿದ್ದರು. ನನಗೂ ಅವಳಿಗೂ ನಡುವೆ ಒಂದೇ ಗೋಡೆ. ಅವಳ ನರಳಾಟ ಕೇಳಿ ನಾನು ಪೆಟ್ಟಿಗೆ ಪಕ್ಕಕ್ಕಿಟ್ಟು ಅರ್ಧ ಎದ್ದೆ. ಗೋಡೆಯಾಚೆಯಿಂದಲೇ ಅವಳಿಗೆ ಅದು ಹೇಗೆ ತಿಳಿಯಿತೋ.

“ಯವ್ವಾ, ನೀ ಕೀಲಿಕೈ ಬಿಟ್ಟು ಒಳಗ ಬಂದಿ ಅಂದ್ರ ನಾ ಹಡೆಯಂಗಿಲ್ಲ ನೋಡು! ಕುಂಡ್ರು ಅಲ್ಲೇ!”

ಕೂತೆ. ನನ್ನ ಜೀವನದಲ್ಲಿ ಅಷ್ಟು ಕಷ್ಟಪಟ್ಟು ನಾನು ಎಲ್ಲೂ ಕೂತಿಲ್ಲ. ಆಗಲೇ ಬಾಗಿಲಲ್ಲಿ ತೊಡೆಯ ಸ್ನಾಯುವಿನವರು ಸಾಲಾಗಿ ನಿಂತಿದ್ದರು. ಓಡಿ ಓಡಿ ಬಳಲಿದ ಮನೆಗಳಿಗೆ ಬೆಲ್ಲ ಬೇಕಿತ್ತು, ಕೀಲಿಕೈ ಕೇಳುತ್ತಿದ್ದರು. ಎಲ್ಲರ ಮುಂದೆ ನಿಂತವರು ನನ್ನ ಹಿರಿಯ ಮಗಳ ಮಾವ, ನಮ್ಮ ಬೀಗರು. ಬೀಗರು ಬಾಗಿಲಿಗೆ ಬಂದು ಕೈ ಚಾಚಿದಾಗ ಇಲ್ಲವೆನ್ನುವ ಕುಲ ನಮ್ಮದಲ್ಲ. ಬೆಲ್ಲ ಎಪ್ಪತ್ತೆರಡಕ್ಕೆ ಇಳಿದಿತ್ತು. ಅಪ್ಪನಿಗೆ ಅಂದು ಹೇಗಾಗಿರಬೇಕೆಂದು ಆ ಗಳಿಗೆಯಲ್ಲಿ ನನಗೆ ತಿಳಿಯಿತು. ಕೈ ತಾನಾಗಿಯೇ ಪೆಟ್ಟಿಗೆಯೊಳಗೆ ಹೋಗಿ ಕೀಲಿಕೈ ಹಿಡಿದಿತ್ತು.

“ಇಲ್ಲರೀ ಬೀಗರ,” ಎಂದೆ. “ಇವತ್ತ ಸಾಕು. ಸಿಟ್ಟು ಮಾಡ್ಕೋಬ್ಯಾಡ್ರಿ.”

ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ನಕ್ಕು, “ಹನ್ನೆರಡು ವರ್ಷದ ಹಿಂದ ನಿಮ್ಮಪ್ಪಗ ಈ ಮಾತು ಬಂದಿದ್ರ ಛಲೋ ಇತ್ತು ನೋಡವ್ವಾ” ಎಂದು ಕೈಮುಗಿದು ತಿರುಗಿದರು. ನಾನು ಪೆಟ್ಟಿಗೆ ಮುಚ್ಚಿ, ಇನ್ನೊಂದು ಖಾನೆಯಿಂದ ಬಿಚ್ಚೋಲೆ ತೆಗೆದು ಓಟಗಾರನ ಕೈಗಿತ್ತೆ. ಅದು ಯಕೃತ್ತಿನ ಮನೆಗೆ ಹೋಗುವ ಚೀಟಿ, ಕೂಡಿಟ್ಟ ಬೆಲ್ಲವನ್ನು ಬಿಚ್ಚಿ ಬೀದಿಗೆ ಬಿಡಿ ಎಂದು. ಇಳಿಸುವುದೂ ಏರಿಸುವುದೂ ಒಂದೇ ಮನೆಯ ಕೆಲಸ. ಎಪ್ಪತ್ತು, ಎಪ್ಪತ್ತು, ಎಪ್ಪತ್ತು. ಆಮೇಲೆ ಎಪ್ಪತ್ತೈದು.

ಗೋಡೆಯ ಆಚೆ ಬೇರೆಯೇ ನಿಯಮ ನಡೆದಿತ್ತು. ಮೈಯಲ್ಲಿ ಹೆಚ್ಚಿನ ಕೆಲಸಗಳು ಸಾಕೆಂಬುದನ್ನು ತಿಳಿದು ನಿಲ್ಲುತ್ತವೆ. ಹೆರಿಗೆ ಹಾಗಲ್ಲ. ಮಗು ಕೆಳಕ್ಕೆ ಒತ್ತಿದಷ್ಟೂ ಮಿದುಳಿನಿಂದ ಸುದ್ದಿ ಬರುತ್ತದೆ, ಸುದ್ದಿ ಬಂದಷ್ಟೂ ಗರ್ಭಕೋಶ ಹಿಂಡುತ್ತದೆ, ಹಿಂಡಿದಷ್ಟೂ ಮಗು ಇನ್ನೂ ಒತ್ತುತ್ತದೆ. ಒಂದಕ್ಕೊಂದು ಏರುತ್ತಲೇ ಹೋಗಿ, ಮಗು ಹೊರಬಂದ ಮೇಲೇ ಅದಕ್ಕೆ ಬಿಡುಗಡೆ. “ಇನ್ನೂ, ಇನ್ನೂ, ನನ್ನವ್ವಾ, ಇನ್ನೊಂದೀಟು!” ಎಂದು ಹುಸೇನಬಿ ಕೂಗುತ್ತಿದ್ದಳು. ಪಂಕ್ತಿಯಲ್ಲಿ ಅಪ್ಪ ಬಡಿಸುವಾಗ ಕೂಗುತ್ತಿದ್ದ ಮಾತೇ ಅದು! ನನಗೆ ಅಲ್ಲೇ ಅಳು ಬಂತು, ನಗುವೂ ಬಂತು. ಅಪ್ಪನ ಸ್ವಭಾವಕ್ಕೂ ಮೈಯಲ್ಲಿ ಒಂದು ಜಾಗ ಇತ್ತು. ಪಾಪ, ಅವನು ಒಂದು ಗೋಡೆ ತಪ್ಪಿ ಈಚೆ ಕೂತಿದ್ದ.

ಸೂರ್ಯ ಮುಳುಗಲು ಹದಿನೇಳು ನಿಮಿಷ ಇದ್ದಾಗ ನಮ್ಮ ಹಿಂದಿನ ಕೋಣೆಯಿಂದ ಅಳು ಕೇಳಿಸಿತು. ನೀರಿನಲ್ಲಿದ್ದ ಪುಪ್ಪುಸ ಮೊದಲ ಸಲ ಗಾಳಿ ತುಂಬಿಕೊಂಡಾಗ ಬರುವ ಅಳು. ಹನ್ನೆರಡು ವರ್ಷದ ಮೇಲೆ ಹೊಸದಂಡೆಯಲ್ಲಿ ಅದು ಮೊದಲು. ಬೀದಿಯಲ್ಲಿ ಓಟಗಾರರು ಅಳುತ್ತ ನಗುತ್ತ ಓಡಿದರು, ಆದರೆ ಒಬ್ಬರೂ ಜಾಗ ಬಿಡಲಿಲ್ಲ. ನಾನೂ ಬಿಡಲಿಲ್ಲ. ಹುಸೇನಬಿ ಮರಳಿ ಕಟ್ಟೆಗೆ ಹೋಗಲಿಲ್ಲ. ಮಾಸು ಬೀಳುವವರೆಗೆ ಬಾಣಂತಿಯ ಪಕ್ಕದಿಂದ ಏಳುವ ಹೆಂಗಸಲ್ಲ ಅವಳು. ತವನಪ್ಪಜ್ಜನ ನಲವತ್ತೈದರಲ್ಲೇ ಸೂರ್ಯ ಮುಳುಗಿದ.

ಜೆಸಿಂತಾ ಬಾಯಿ ಪುಸ್ತಕ ಬಿಡಿಸಿದರು. ಬಡಿತ ಅರವತ್ತಕ್ಕಿಂತ ಇಳಿದರೆ ಒಂದು ಗಂಟೆಯೊಳಗೆ ಮರಳಬೇಕು ಎಂದು ಅಲ್ಲಿ ಬರೆದಿತ್ತು. ನಮ್ಮದು ಒಂದೂವರೆ ಗಂಟೆ ದಾಟಿತ್ತು. ಇಡೀ ಊರು ಕಟ್ಟೆಯ ಸುತ್ತ ಬಂದು ನಿಂತಿತು. ಅವರು ಪುಟ ತಿರುವಿ ಕೊನೆಯ ಸಾಲು ಓದಿದರು: ಅನುಮಾನವಿದ್ದಲ್ಲಿ ಮಿದುಳನ್ನು ಪ್ರಶ್ನಿಸತಕ್ಕದ್ದು. ಎಲ್ಲರೂ ಓದುಮನೆಗೆ ನಡೆದೆವು. ಅವರು ಹೊಸ್ತಿಲಲ್ಲಿ ನಿಂತು ಗಂಭೀರವಾಗಿ, ಒಳಗಿದ್ದವರು ಎಚ್ಚರವಾಗಿದ್ದೀರಾ ಎಂದು ಕೇಳಿದರು. ಅರೆಹೊಟ್ಟೆಯಲ್ಲಿ ಕೂತು ಕೂತು ರೇಗಿದ್ದ ನಲವತ್ತು ಜನ ಒಂದೇ ದನಿಯಲ್ಲಿ ಉತ್ತರಿಸಿದರು.

“ಚಾ ಯಾವಾಗ ಕೊಡ್ತೀರಿ?”

ಜೆಸಿಂತಾ ಬಾಯಿ ಬಾಗಿಲ ಚೌಕಟ್ಟು ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಎಂತ ಮಾರಾಯ್ರೇ ನೀವು! ನಾನು ಬಂದದ್ದು ನಾಲ್ಕು ಪೆಟ್ಟು ಕೊಡ್ಲಿಕ್ಕೆ. ಐದನೇದ್ದು ನೀವೇ ತಂದುಕೊಂಡ್ರಿ. ಆದ್ರೂ ಸಾಯ್ಲಿಲ್ಲ ಅಲ್ಲ!” ಎಂದು, ಪುಸ್ತಕದಲ್ಲಿ ಜೀವಂತ ಎಂದು ಬರೆದು, ಮೈಮನೆಯ ಬೀಗ ತೆಗೆಸಿದರು. ತವನಪ್ಪಜ್ಜನಿಗೆ ಹೇಳುವವರೆಗೂ ಅವನು ಹಲಗೆ ಬಾರಿಸುತ್ತಲೇ ಇದ್ದ.

ನಾನು ಪೆಟ್ಟಿಗೆ ಇಳಿಸಿ ಗೋಡೆಯ ಆಚೆ ಹೋದೆ. ಹೆಣ್ಣು ಮಗು. ಒಂಬತ್ತು ದಿನ ಮುಂಚೆ ಬಂದ ಅವಸರದ ಹುಡುಗಿ. ನನ್ನ ಬೆರಳು ಹಿಡಿದುಕೊಂಡಳು. ಅವಳ ಎದೆ ನೂರನಲವತ್ತರ ಮೇಲೆ ಬಡಿಯುತ್ತಿತ್ತು, ಅದು ಅವಳ ವಯಸ್ಸಿನ ಹದ. ಗಂಟೆಯ ಹಿಂದೆ ತಾಯಿಯ ಉಸಿರಿನಲ್ಲಿ ಬದುಕಿದ್ದವಳು ಈಗ ತಾನೇ ಉಸಿರಾಡುತ್ತಿದ್ದಳು, ತಾನೇ ಕಾವು ಹುಟ್ಟಿಸಿಕೊಳ್ಳುತ್ತಿದ್ದಳು. ಯಾರೂ ಅವಳಿಗೆ ಅಪ್ಪಣೆ ಕೊಟ್ಟಿರಲಿಲ್ಲ.

ಹೊಕ್ಕುಳಬಳ್ಳಿಯ ತುಂಡು ನಿನ್ನೆ ಬಿದ್ದುಹೋಯಿತು. ಅದನ್ನು ಕೈಯಲ್ಲಿ ಹಿಡಿದು ನಾನು ಒಂದು ಲೆಕ್ಕ ಹಾಕಿದೆ. ಅವಳು ಈ ಬಳ್ಳಿಯಿಂದ ಕಸ್ತೂರಿಗೆ, ಕಸ್ತೂರಿ ನನಗೆ, ನಾನು ನನ್ನ ಅವ್ವನಿಗೆ ಅಂಟಿಕೊಂಡಿದ್ದವರು. ಹೀಗೇ ತಾಯಿ ತಂದೆ ಇಬ್ಬರ ಕಡೆಯಿಂದಲೂ ಹದಿನಾರು ತಲೆಮಾರು ಹಿಂದೆ ಹೋದರೆ ನಿಮ್ಮ ಕಾಲ. ಅಲ್ಲಿ ಅವಳಿಗೆ ಅರವತ್ತೈದು ಸಾವಿರಕ್ಕೂ ಹೆಚ್ಚು ಅಜ್ಜ ಅಜ್ಜಿಯರು. ಕೆಲವರು ಎರಡೆರಡು ಸಲ ಬಂದಿರಬಹುದು, ಇರಲಿ. ಅವರಲ್ಲಿ ಒಬ್ಬರು ತಪ್ಪಿದ್ದರೂ ನನ್ನ ಬೆರಳು ಹಿಡಿದ ಈ ಕೈ ಇರುತ್ತಿರಲಿಲ್ಲ. ಆ ಒಬ್ಬರು ಈಗ ಈ ಕಾಗದ ಓದುತ್ತಿರಬಹುದು. ನಿಮಗೆ ಇನ್ನೂ ಮದುವೆಯಾಗದೆ ಇರಬಹುದು. ನೀವು ಬೆಳಗಿನಿಂದ ಏನೂ ತಿನ್ನದೆ ಕೂತಿರಬಹುದು. ಎರಡು ದಿನದಿಂದ ಎದೆಯಲ್ಲಿ ಏನೋ ಹಿಡಿದಂತಾಗಿ, ಯಾರಿಗೂ ಹೇಳದೆ ಸುಮ್ಮನಿರಬಹುದು, ನನ್ನ ಮಗಳ ಹಾಗೆ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಹಿಂದಂಚೆಯಲ್ಲಿ ಬರೆಯುವಂತಿಲ್ಲ. ಆದ್ದರಿಂದ ನಿಮ್ಮೆಲ್ಲರನ್ನೂ ಕೈಮುಗಿದು ಕೇಳಿಕೊಳ್ಳುತ್ತೇನೆ: ಎದ್ದು ಒಂದು ಲೋಟ ನೀರು ಕುಡಿಯಿರಿ. ಹಸಿದಿದ್ದರೆ ಉಣ್ಣಿ. ನೋವಿದ್ದರೆ ಇವತ್ತೇ ತೋರಿಸಿಕೊಳ್ಳಿ. ನಿದ್ದೆ ಬಂದರೆ ಮಲಗಿ. ನಿಮ್ಮಲ್ಲಿ ಯಾರು ನನ್ನ ಮೊಮ್ಮಗಳ ಅಜ್ಜಿಯೋ ನನಗೆ ತಿಳಿಯದು, ಅದಕ್ಕೇ ಒಬ್ಬರನ್ನೂ ಬಿಡಲಾರೆ.